ಪಿಂಚಣಿ ನಿಲ್ಲದಂತೆ, ಆಸ್ಪತ್ರೆ ಬಿಲ್ಲು ಮನೆ ಮುಳುಗಿಸದಂತೆ: ಖಾಸಗಿ ನೌಕರಿಯಿಂದ ನಿವೃತ್ತರಾಗುವವರಿಗೆ ಸಮಗ್ರ ಮಾರ್ಗದರ್ಶಿ

ಗಾರ್ಮೆಂಟ್ಸ್, ಸಕ್ಕರೆ ಕಾರ್ಖಾನೆ, ಬಿಡಿಭಾಗ ತಯಾರಿಸುವ ಸಣ್ಣ ಫ್ಯಾಕ್ಟರಿ, ಖಾಸಗಿ ಶಾಲೆ, ಹೋಟೆಲ್ ಇಲ್ಲೆಲ್ಲ ದುಡಿದವರಿಗೆ ತುಟ್ಟಿಭತ್ಯೆ ಸೇರಿದ ಸರ್ಕಾರಿ ಪಿಂಚಣಿ ಇಲ್ಲ. ಅವರಿಗಿರುವುದು ಪಿ.ಎಫ್. ಜೊತೆ ಅಂಟಿಕೊಂಡಿರುವ ಇಪಿಎಸ್-95, ಅಂದರೆ 1995ರ ನವೆಂಬರ್ 16ರಂದು ಶುರುವಾದ ನೌಕರರ ಪಿಂಚಣಿ ಯೋಜನೆ. ಇದರಲ್ಲಿ ಕನಿಷ್ಠ ಪಿಂಚಣಿ 2014ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಅದನ್ನು 7,500ಕ್ಕೆ ಏರಿಸಿ ಎಂದು ಪಿಂಚಣಿದಾರರು ವರ್ಷಗಳಿಂದ ಬೀದಿಗಿಳಿದು ಕೇಳುತ್ತಿದ್ದಾರೆ, ಆ ಬೇಡಿಕೆ ನ್ಯಾಯವಾದದ್ದೇ. ಅಲ್ಲಿಯವರೆಗೆ ಬರಬೇಕಾದ ಚಿಕ್ಕ ಮೊತ್ತವಾದರೂ ಪೂರ್ತಿಯಾಗಿ, ತಪ್ಪದೆ ಬರಬೇಕು. ಅದು ತಪ್ಪುವುದು ಹೆಚ್ಚಾಗಿ ಕಾನೂನಿನಿಂದಲ್ಲ. ಒಂದು ಇನಿಷಿಯಲ್, ಒಂದು ಹುಟ್ಟಿದ ತಾರೀಕು, ಯಾರೂ ತುಂಬದೆ ಬಿಟ್ಟ ಒಂದು ಕಾಲಂ ಇಂಥವುಗಳಿಂದ. ಹಾಗಾಗಿ ಕೆಲಸ ನಿವೃತ್ತಿಯ ದಿನ ಶುರುವಾಗಬಾರದು, 55ನೇ ವಯಸ್ಸಿನಲ್ಲೇ ಶುರುವಾಗಬೇಕು.

ಮೊದಲು ಸೇವೆಯ ಲೆಕ್ಕ

ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ ಕಂಪನಿ ಕಟ್ಟುವ 12% ಪಾಲಿನಲ್ಲಿ 8.33% ಪಿಂಚಣಿ ನಿಧಿಗೆ ಹೋಗುತ್ತದೆ, ಉಳಿದ 3.67% ಪಿ.ಎಫ್.ಗೆ. 2014ರ ಸೆಪ್ಟೆಂಬರ್‌ನಲ್ಲಿ ಬಂದ 15,000 ರೂಪಾಯಿಯ ವೇತನ ಮಿತಿಯ ಪ್ರಕಾರ ಪಿಂಚಣಿ ನಿಧಿಗೆ ಹೋಗುವುದು ತಿಂಗಳಿಗೆ ಹೆಚ್ಚೆಂದರೆ 1,250 ರೂಪಾಯಿ. ಪಿಂಚಣಿಯ ಸೂತ್ರ ಸರಳ: ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ, 70ರಿಂದ ಭಾಗಿಸಬೇಕು. ಸರಾಸರಿ 12,000, ಸೇವೆ 10 ವರ್ಷ ಅಂದರೆ ತಿಂಗಳಿಗೆ ಸುಮಾರು 1,714 ರೂಪಾಯಿ. ಸೇವೆ 20 ವರ್ಷ ಮುಟ್ಟಿದರೆ ಇನ್ನೆರಡು ವರ್ಷ ಸೇರಿಸಿ ಲೆಕ್ಕ ಹಾಕುತ್ತಾರೆ. ಆಗ 15,000ಕ್ಕೆ 22 ವರ್ಷದ ಲೆಕ್ಕದಲ್ಲಿ 4,714 ರೂಪಾಯಿ.

10 ವರ್ಷ ಎಂಬುದು ಹೊಸ್ತಿಲು. ಅದನ್ನು ದಾಟದವರಿಗೆ ತಿಂಗಳ ಪಿಂಚಣಿ ಇಲ್ಲ. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ತುಂಡನ್ನು ಒಂದು ವರ್ಷ ಎಂದು ಹಿಡಿಯುವುದರಿಂದ 9 ವರ್ಷ 6 ತಿಂಗಳಾದರೂ ಹೊಸ್ತಿಲು ದಾಟಿದಂತೆ. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೆಚ್ಚು ಕಳೆದುಕೊಳ್ಳುವುದು ಇಲ್ಲೇ. ಒಂದು ಫ್ಯಾಕ್ಟರಿ ಬಿಟ್ಟು ಇನ್ನೊಂದಕ್ಕೆ ಸೇರುವಾಗ, ಮಗಳ ಮದುವೆಗೋ ಮನೆ ಅಡ್ವಾನ್ಸಿಗೋ ಪಿ.ಎಫ್. ತೆಗೆಯುತ್ತಾರೆ. ಆಗ ಏಜೆಂಟ್ ನಮೂನೆ 19ರ ಜೊತೆಗೆ 10ಸಿ ಕೂಡ ಹಾಕಿಸಿಬಿಡುತ್ತಾನೆ. 19 ಎಂದರೆ ಪಿ.ಎಫ್. ಹಣ, 10ಸಿ ಎಂದರೆ ಪಿಂಚಣಿ ಪಾಲು. 10ಸಿಯಲ್ಲಿ ಹಣ ತೆಗೆದರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗಿ ಮತ್ತೆ ಸೊನ್ನೆಯಿಂದ ಎಣಿಕೆ. ಏಳು ವರ್ಷ ಇಲ್ಲಿ, ಎಂಟು ವರ್ಷ ಅಲ್ಲಿ ದುಡಿದವರು ಹದಿನೈದು ವರ್ಷದ ನಂತರವೂ ಬರಿಗೈಯಲ್ಲಿ ಉಳಿಯುತ್ತಾರೆ. ತೀರಾ ಅಡಚಣೆ ಇದ್ದರೆ 19 ಮಾತ್ರ ಹಾಕಿ. ಪಿಂಚಣಿ ಸೇವೆಗೆ ಅದೇ 10ಸಿ ನಮೂನೆಯಲ್ಲಿ ಅಲ್ಲಿಯವರೆಗಿನ ಸೇವೆಯನ್ನು ಉಳಿಸಿಕೊಡುವ ‘ಸ್ಕೀಮ್ ಸರ್ಟಿಫಿಕೇಟ್’ ಕೇಳಿ, ಅಥವಾ ಹೊಸ ಕಂಪನಿಯ ಖಾತೆಗೆ ವರ್ಗಾಯಿಸಿ.

ಯುಎಎನ್, ಅಂದರೆ ಕಂಪನಿ ಬದಲಾದರೂ ಬದಲಾಗದ ನಿಮ್ಮ ಪಿ.ಎಫ್. ಸದಸ್ಯತ್ವದ ಸಂಖ್ಯೆ ಹಾಕಿ ಪಿ.ಎಫ್. ಪೋರ್ಟಲ್‌ನ ಸೇವಾ ಇತಿಹಾಸ ತೆರೆದು ನೋಡಿ. ಪ್ರತಿ ಕಂಪನಿಯ ಎದುರು ಸೇರಿದ ದಿನ, ಬಿಟ್ಟ ದಿನ ಎರಡೂ ಇರಬೇಕು. ಬಿಟ್ಟ ದಿನದ ಕಾಲಂ ಖಾಲಿ ಇದ್ದರೆ ಅರ್ಜಿ ಅಲ್ಲೇ ಮುಗ್ಗರಿಸುತ್ತದೆ. ಅದನ್ನು ಕಂಪನಿಯ ಎಚ್.ಆರ್. ತುಂಬಬೇಕು. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾಗಿದ್ದರೆ ಸದಸ್ಯರೇ ಆಧಾರ್ ಒಟಿಪಿ ಕೊಟ್ಟು ತುಂಬಲೂ ಅವಕಾಶವಿದೆ. ಸಂಬಳವಿಲ್ಲದ ರಜೆಯ ದಿನಗಳು ಸೇವೆಯಿಂದ ಕಡಿತವಾಗುತ್ತವೆ, ಅವು ಸರಿಯಾಗಿವೆಯೇ ಅಂತಲೂ ನೋಡಿ.

ಹೆಸರು, ತಾರೀಕು, ಇನಿಷಿಯಲ್

ನಮ್ಮ ಕಡೆ ಒಬ್ಬರಿಗೇ ನಾಲ್ಕು ಹೆಸರು. ಪಿ.ಎಫ್. ದಾಖಲೆಯಲ್ಲಿ ‘ಕೆ.ಆರ್. ಶಿವಣ್ಣ’, ಆಧಾರ್‌ನಲ್ಲಿ ‘ಶಿವಣ್ಣ’, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ‘ಶಿವಣ್ಣ ಕೆ ಆರ್’, ಪಹಣಿಯಲ್ಲಿ ‘ಶಿವಣ್ಣ ಬಿನ್ ರಾಮೇಗೌಡ’. ಊರಿಗೆಲ್ಲ ಒಬ್ಬನೇ ಶಿವಣ್ಣ, ಕಂಪ್ಯೂಟರ್‌ಗೆ ನಾಲ್ವರು. ತಾರೀಕಿನದೂ ಅದೇ ಪಾಡು. ದಾಖಲೆ ಇಲ್ಲದವರಿಗೆ ಆಧಾರ್‌ನಲ್ಲಿ ಜನವರಿ 1 ಎಂದು ಬಿದ್ದಿರುತ್ತದೆ, ಶಾಲೆಯ ಟಿಸಿಯಲ್ಲಿ ಬೇರೆಯೇ ದಿನ.

ಮೊದಲು ಎಲ್ಲ ಕಾಗದಗಳನ್ನೂ ಹರಡಿಕೊಂಡು ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸಿ, ಆಮೇಲೆ ಉಳಿದವನ್ನು ಅದಕ್ಕೆ ಹೊಂದಿಸಿ. ಶಾಲೆಯ ದಾಖಲೆ ಅಥವಾ ಜನನ ಪ್ರಮಾಣಪತ್ರ ಇದ್ದರೆ ಅದೇ ಗಟ್ಟಿ. 2024ರ ಜನವರಿಯಿಂದ ಪಿ.ಎಫ್. ಕಚೇರಿ ಆಧಾರ್ ಅನ್ನು ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಕೈಬಿಟ್ಟಿದೆ. ಇತ್ತ ಆಧಾರ್‌ನಲ್ಲಿ ಜನ್ಮದಿನಾಂಕ ತಿದ್ದಲು ಸಿಗುವ ಅವಕಾಶ ಒಂದೇ ಸಲ, ಹೆಸರು ತಿದ್ದಲು ಎರಡು ಸಲ. ಆತುರಕ್ಕೆ ಬಿದ್ದು ತಪ್ಪು ತಾರೀಕಿಗೆ ಆ ಒಂದು ಅವಕಾಶವನ್ನು ಖರ್ಚು ಮಾಡಿಕೊಂಡರೆ ಮುಂದೆ ಬಹಳ ಕಷ್ಟ.

2017ರ ಅಕ್ಟೋಬರ್ 1ರ ನಂತರ ಪಡೆದ, ಆಧಾರ್ ಪರಿಶೀಲನೆಯಾದ ಯುಎಎನ್ ಇದ್ದರೆ ಹಲವು ತಿದ್ದುಪಡಿಗಳನ್ನು ಸದಸ್ಯರೇ ಪೋರ್ಟಲ್‌ನಲ್ಲಿ ಮಾಡಿಕೊಳ್ಳಬಹುದು. ಹಳೆಯ ಖಾತೆಗೆ ಕಂಪನಿ ಮತ್ತು ಸದಸ್ಯರ ಜಂಟಿ ಘೋಷಣೆ ಬೇಕು. ಕಂಪನಿ ಇನ್ನೂ ತೆರೆದಿರುವಾಗಲೇ, ನಿಮ್ಮನ್ನು ಗುರುತು ಹಿಡಿಯುವ ಗುಮಾಸ್ತರು ಅಲ್ಲಿರುವಾಗಲೇ ಇದನ್ನು ಮುಗಿಸಿ. ಬಾಗಿಲು ಮುಚ್ಚಿದ ಫ್ಯಾಕ್ಟರಿಯ ದಾಖಲೆ ಹುಡುಕುವ ಕೆಲಸ ಎಪ್ಪತ್ತರ ವಯಸ್ಸಿನಲ್ಲಿ ಯಾರಿಗೂ ಬೇಡ.

58 ತುಂಬಿದಾಗ: ನಮೂನೆ 10ಡಿ

ಪಿಂಚಣಿ ಶುರುವಾಗುವುದು 58ಕ್ಕೆ. ಕೆಲಸದಲ್ಲಿ ಮುಂದುವರಿದಿದ್ದರೂ 58ಕ್ಕೆ ಪಿಂಚಣಿ ಪಡೆಯಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ನೌಕರಿ ಬಿಟ್ಟವರು 50 ದಾಟಿದ ಮೇಲೆ ಮೊದಲೇ ಕೇಳಬಹುದು, ಆದರೆ 58ಕ್ಕೆ ಎಷ್ಟು ವರ್ಷ ಕಡಿಮೆಯೋ ಅಷ್ಟು ಸಲ 4% ಕಡಿತ. 57ಕ್ಕೆ ಕೇಳಿದರೆ 3,000 ರೂಪಾಯಿ ಪಿಂಚಣಿ 2,880 ಆಗುತ್ತದೆ, ಮತ್ತು ಆ ಕಡಿತ ಜೀವನಪರ್ಯಂತ ಹಾಗೇ ಇರುತ್ತದೆ. ಮನೆ ನಡೆಯುವಂತಿದ್ದರೆ ಕಾಯುವುದೇ ಲೇಸು. 58ರ ಬದಲು 60ರವರೆಗೆ ಮುಂದೂಡಿದರೆ ವರ್ಷಕ್ಕೆ 4%ರಂತೆ ಏರಿಕೆಯೂ ಉಂಟು.

ಪೋರ್ಟಲ್‌ನಲ್ಲಿ ಪಿಂಚಣಿ ಕೇಳುವ ಅರ್ಜಿಯಾದ 10ಡಿ ಹಾಕುವ ಮುಂಚೆ ಇ-ನಾಮಿನೇಷನ್‌ನಲ್ಲಿ ಗಂಡ ಅಥವಾ ಹೆಂಡತಿ, 25 ವರ್ಷದೊಳಗಿನ ಮಕ್ಕಳು ಎಲ್ಲರ ವಿವರವೂ ಇರಲಿ. ದಂಪತಿಯ ಜಂಟಿ ಫೋಟೊ, ಹೆಸರು ಮತ್ತು ಐಎಫ್‌ಎಸ್‌ಸಿ ಸ್ಪಷ್ಟವಾಗಿ ಕಾಣುವ ಪಾಸ್‌ಬುಕ್ ಮೊದಲ ಪುಟ, ಮಕ್ಕಳ ಜನನ ದಾಖಲೆ ಸಿದ್ಧವಿಟ್ಟುಕೊಳ್ಳಿ. ವಿಲೀನವಾದ ಬ್ಯಾಂಕಿನ ಹಳೆಯ ಐಎಫ್‌ಎಸ್‌ಸಿ ಕೊಟ್ಟರೆ ಹಣ ಖಾತೆಗೆ ಬೀಳುವುದಿಲ್ಲ.

ಅರ್ಜಿ ಸಿಕ್ಕಿಹಾಕಿಕೊಳ್ಳುವ ಒಂದು ಸಾಮಾನ್ಯ ಕಾರಣ ಕಂಪನಿಯ ಕಡೆಯದು. 58 ತುಂಬಿದವರ ಹೆಸರಿನಲ್ಲಿ ಪಿಂಚಣಿ ನಿಧಿಗೆ ಹಣ ಹೋಗಬಾರದು, ಪೂರ್ತಿ 12% ಪಿ.ಎಫ್.ಗೇ ಹೋಗಬೇಕು. ಲೆಕ್ಕದವರು ಇದನ್ನು ಗಮನಿಸದೆ ಹಳೆಯ ರೀತಿಯಲ್ಲೇ 8.33% ಕಟ್ಟುತ್ತಿದ್ದರೆ, ಅದು ಸರಿಹೋಗುವವರೆಗೆ ನಿಮ್ಮ ಕಡತ ಕದಲುವುದಿಲ್ಲ. ಹುಟ್ಟುಹಬ್ಬದ ತಿಂಗಳಲ್ಲೇ ಎಚ್.ಆರ್.ಗೆ ಲಿಖಿತವಾಗಿ ತಿಳಿಸಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ.

ಅರ್ಜಿ ಕೊಟ್ಟು 20 ದಿನವಾದರೂ ಸುದ್ದಿ ಇಲ್ಲದಿದ್ದರೆ ಪಿ.ಎಫ್.ನ ದೂರು ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಸಂಖ್ಯೆ ಬರೆದಿಟ್ಟುಕೊಳ್ಳಿ. ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಯುತ್ತದೆ, 27 ರಜೆಯಾದರೆ ಮುಂದಿನ ಕೆಲಸದ ದಿನ. ಅಧಿಕಾರಿಯ ಎದುರೇ ಕೂತು ಮಾತಾಡಬಹುದಾದ ಜಾಗ ಅದು. ಹೋಗುವಾಗ ದೂರಿನ ಸಂಖ್ಯೆ, ಯುಎಎನ್, ಎಲ್ಲ ಕಾಗದದ ಎರಡೆರಡು ಜೆರಾಕ್ಸ್ ಜೊತೆಗಿರಲಿ.

ಗ್ರಾಚ್ಯುಟಿಯನ್ನೂ ಮರೆಯಬೇಡಿ. ಐದು ವರ್ಷ ಸತತ ಸೇವೆ ಮಾಡಿದವರಿಗೆ ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. 18,000 ವೇತನ, 20 ವರ್ಷಕ್ಕೆ 2,07,692 ರೂಪಾಯಿ. 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ.

10 ವರ್ಷ ಸೇವೆ ತುಂಬದೆ, ಬೇರೆ ಯಾವ ಪಿಂಚಣಿಯೂ ಇಲ್ಲದೆ ಉಳಿದ ಬಡ ಕುಟುಂಬದವರು 65 ದಾಟಿದ್ದರೆ ನಾಡಕಚೇರಿಯಲ್ಲಿ ರಾಜ್ಯದ ವೃದ್ಧಾಪ್ಯ ಪಿಂಚಣಿಯಾದ ಸಂಧ್ಯಾ ಸುರಕ್ಷಾಕ್ಕೆ ಅರ್ಜಿ ಹಾಕಲಿ.

ವರ್ಷಕ್ಕೊಮ್ಮೆ ಜೀವಂತ ಪ್ರಮಾಣ

ಬರುತ್ತಿದ್ದ ಪಿಂಚಣಿ ನಿಂತಿತೆಂದರೆ ಮೊದಲು ನೋಡಬೇಕಾದ್ದು, ಬದುಕಿದ್ದೇವೆ ಎಂದು ವರ್ಷಕ್ಕೊಮ್ಮೆ ಕೊಡಬೇಕಾದ ಈ ಪ್ರಮಾಣವನ್ನೇ. ಸರ್ಕಾರಿ ಪಿಂಚಣಿದಾರರಂತೆ ಇಪಿಎಸ್ ಪಿಂಚಣಿದಾರರು ನವೆಂಬರ್‌ಗೇ ಕಾಯಬೇಕಿಲ್ಲ. ವರ್ಷದ ಯಾವ ದಿನ ಕೊಟ್ಟರೂ ಅಂದಿನಿಂದ 12 ತಿಂಗಳು ಚಾಲ್ತಿ. ಹಾಗಾಗಿ ನೆನಪಿರುವ ದಿನವೊಂದನ್ನು ಗೊತ್ತುಮಾಡಿಕೊಳ್ಳಿ. ಯುಗಾದಿಯ ವಾರ ಎಂದಿಟ್ಟುಕೊಂಡರೆ ಮಕ್ಕಳೂ ಊರಿಗೆ ಬಂದಿರುತ್ತಾರೆ. ಆದರೆ ಹಬ್ಬ ಒಂದು ವರ್ಷ ಮುಂಚೆ, ಇನ್ನೊಂದು ವರ್ಷ ತಡ. 12 ತಿಂಗಳ ಗಡುವು ದಾಟದಂತೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

ಬೆರಳಚ್ಚು ಸವೆದ ಕೈಗಳಿಗೆ ಮುಖ ಗುರುತಿನ ವಿಧಾನ ವರದಾನ. ಸಾಧಾರಣ ಆಂಡ್ರಾಯ್ಡ್ ಫೋನ್‌ನಲ್ಲಿ ಎರಡು ಆ್ಯಪ್ ಬೇಕು: ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್. ಎರಡನ್ನೂ ಪ್ಲೇ ಸ್ಟೋರ್‌ನಿಂದಲೇ ಇಳಿಸಿಕೊಳ್ಳಿ. ಮೊದಲು ‘ಆಪರೇಟರ್’ ಎಂದು ಒಬ್ಬರು ನೋಂದಾಯಿಸಬೇಕು, ಅದು ಮಗಳಾಗಬಹುದು, ಮೊಮ್ಮಗನಾಗಬಹುದು, ಪಿಂಚಣಿದಾರರೇ ಆಗಬಹುದು. ಆಮೇಲೆ ಪಿಂಚಣಿದಾರರ ಆಧಾರ್, ಮೊಬೈಲ್, ಒಟಿಪಿ. ನಂತರ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಬ್ಯಾಂಕ್ ಖಾತೆ, ಪಿಂಚಣಿ ಮಂಜೂರು ಮಾಡಿದವರು ಯಾರು ಎಂಬ ಕಾಲಂ.

ಫೋಟೊ ತೆಗೆಯುವಾಗ ಹಿರಿಯರನ್ನು ಹಗಲು ಹೊತ್ತು ಕಿಟಕಿಯ ಎದುರು, ಬೆಳಕು ಮುಖಕ್ಕೆ ಬೀಳುವಂತೆ ಕೂರಿಸಿ. ಬೆಳಕು ಬೆನ್ನಿಗಿದ್ದರೆ ಆಗುವುದಿಲ್ಲ. ಕನ್ನಡಕ ತೆಗೆಸಿ, ತಲೆಗೆ ಕಟ್ಟಿದ ಟವೆಲ್ ಬಿಚ್ಚಿಸಿ. ಫೋನ್ ಅನ್ನು ಅವರ ಕಣ್ಣಿನ ಮಟ್ಟಕ್ಕೆ ಹಿಡಿದು, ಪರದೆಯ ಮೇಲಿನ ವೃತ್ತದೊಳಗೆ ಮುಖ ತುಂಬಿದಾಗ ‘ಒಂದು ಸಲ ಕಣ್ಣು ಮಿಟುಕಿಸಿ ಅಜ್ಜಿ’ ಎನ್ನಿ. ಕಣ್ಣು ಮಿಟುಕಿಸದಿದ್ದರೆ ಆ್ಯಪ್ ಒಪ್ಪುವುದಿಲ್ಲ, ಗಾಬರಿಯಿಂದ ಕಣ್ಣರಳಿಸಿ ಕೂತವರದು ಮೂರು ನಾಲ್ಕು ಸಲ ವಿಫಲವಾಗುವುದು ಇದರಿಂದಲೇ.

ಪ್ರಮಾಣ್ ಐಡಿಯ ಎಸ್ಎಂಎಸ್ ಬಂದರೆ ಮುಗಿಯಿತು ಎಂದುಕೊಳ್ಳಬೇಡಿ. ಪ್ರಮಾಣಪತ್ರ ಸೃಷ್ಟಿಯಾಗುವುದು ಒಂದು ಹಂತ, ಪಿಂಚಣಿ ಕಚೇರಿ ಅದನ್ನು ಒಪ್ಪುವುದು ಇನ್ನೊಂದು. ಪಿಪಿಒದ ಒಂದು ಅಂಕಿ ತಪ್ಪಿದರೂ, ಇಪಿಎಫ್ಒ (ಪಿ.ಎಫ್. ಸಂಸ್ಥೆ) ಬದಲು ಬೇರೆ ಇಲಾಖೆ ಆಯ್ದರೂ ಪತ್ರ ಸೃಷ್ಟಿಯಾಗುತ್ತದೆ, ಆಮೇಲೆ ತಿರಸ್ಕಾರವಾಗುತ್ತದೆ. ಕೆಲವು ದಿನ ಬಿಟ್ಟು ಜೀವನ್ ಪ್ರಮಾಣ್ ಜಾಲತಾಣದಲ್ಲಿ ಸ್ಥಿತಿ ನೋಡಿ. ಫೋನ್ ಇಲ್ಲದ ಮನೆಗಳಿಗೆ ಅಂಚೆಯಣ್ಣನೇ ಬಂದು ಮಾಡಿಕೊಡುವ ವ್ಯವಸ್ಥೆ ಅಂಚೆ ಪಾವತಿ ಬ್ಯಾಂಕಿನಲ್ಲಿದೆ.

‘ನಿಮ್ಮ ಜೀವಂತ ಪ್ರಮಾಣ ಮುಗಿದಿದೆ, ಒಟಿಪಿ ಹೇಳಿ’ ಎಂದು ಫೋನ್ ಬಂದರೆ ಅದು ಮೋಸ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್ (ಆ್ಯಪ್ ಇಳಿಸುವ ಫೈಲ್) ಮುಟ್ಟಬೇಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

2025ರ ಜನವರಿಯಿಂದ ಇಪಿಎಸ್ ಪಿಂಚಣಿ ಕೇಂದ್ರೀಕೃತ ವ್ಯವಸ್ಥೆಯಲ್ಲಿ ಯಾವ ಬ್ಯಾಂಕಿನ ಯಾವ ಶಾಖೆಗೆ ಬೇಕಾದರೂ ಬರುತ್ತದೆ. ಮಗನ ಮನೆಗೆಂದು ಹುಬ್ಬಳ್ಳಿಯಿಂದ ಮೈಸೂರಿಗೋ ಪುಣೆಗೋ ಹೋದರೂ ಪಿಪಿಒ ವರ್ಗಾವಣೆಗೆ ಅಲೆಯಬೇಕಿಲ್ಲ.

ಪಿಂಚಣಿದಾರರು ತೀರಿಕೊಂಡರೆ ಸಂಗಾತಿಗೆ ಅರ್ಧ ಪಿಂಚಣಿ, ಅದು 1,000ಕ್ಕಿಂತ ಕಡಿಮೆಯಾಗುವಂತಿಲ್ಲ. 25 ವರ್ಷದೊಳಗಿನ ಇಬ್ಬರು ಮಕ್ಕಳಿಗೂ ಪಾಲಿದೆ. ದುಃಖದ ನಡುವೆ ಈ ಮಾತು ಕಠಿಣ ಅನ್ನಿಸಬಹುದು: ಬ್ಯಾಂಕಿಗೆ ಕೂಡಲೇ ತಿಳಿಸಿ, ಎಟಿಎಂ ಕಾರ್ಡಿನಿಂದ ಮುಂದಿನ ತಿಂಗಳ ಪಿಂಚಣಿ ತೆಗೆಯಬೇಡಿ. ಅದನ್ನು ವಾಪಸು ವಸೂಲಿ ಮಾಡುತ್ತಾರೆ, ವಿಧವಾ ಪಿಂಚಣಿಯೂ ತಡವಾಗುತ್ತದೆ. ಮರಣ ಪ್ರಮಾಣಪತ್ರದಲ್ಲಿನ ಹೆಸರು ಪಿಪಿಒದಲ್ಲಿರುವಂತೆಯೇ ಬರೆಸಿ.

ವರ್ಷಕ್ಕೆ 120 ರೂಪಾಯಿಯ ಚಿಕಿತ್ಸೆ

ಆರೋಗ್ಯದ ವಿಷಯಕ್ಕೆ ಬಂದರೆ ಎಲ್ಲಕ್ಕಿಂತ ಮೊದಲು ಹೇಳಬೇಕಾದ್ದು ಇದು, ಏಕೆಂದರೆ ಅತಿ ಹೆಚ್ಚು ಜನ ಕೈಬಿಟ್ಟಿರುವುದೂ ಇದನ್ನೇ. ಕನಿಷ್ಠ ಐದು ವರ್ಷ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆಯಲ್ಲಿದ್ದು ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಪಡೆದವರು ತಿಂಗಳಿಗೆ 10 ರೂಪಾಯಿಯಂತೆ ವರ್ಷಕ್ಕೆ 120 ರೂಪಾಯಿ ಮುಂಗಡ ಕಟ್ಟಿದರೆ ತಮಗೂ ಸಂಗಾತಿಗೂ ಇಎಸ್ಐ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಇಎಸ್ಐ ಶಾಖಾ ಕಚೇರಿಗೆ ಹೋಗಿ ವಿಮಾ ಸಂಖ್ಯೆ, ನಿವೃತ್ತಿ ಪತ್ರ, ದಂಪತಿಯ ಫೋಟೊ, ಆಧಾರ್ ಕೊಡಬೇಕು. ಕಂಪನಿಯಿಂದ ನಿವೃತ್ತಿ ಪತ್ರ ಪಡೆಯುವಾಗ ‘ವಯೋನಿವೃತ್ತಿ’ ಎಂದೇ ಬರೆಸಿ. ‘ರಾಜೀನಾಮೆ’ ಎಂದಿದ್ದರೆ ಈ ಬಾಗಿಲು ಮುಚ್ಚುತ್ತದೆ. ಪ್ರತಿ ವರ್ಷ ನವೀಕರಣ ನಿಮ್ಮದೇ ಹೊಣೆ.

ಆಯುಷ್ಮಾನ್: ಕಾರ್ಡ್ ಬೇರೆ, ಚಿಕಿತ್ಸೆ ಬೇರೆ

ಕರ್ನಾಟಕದಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಚಿಕಿತ್ಸಾ ಯೋಜನೆಗಳು 2018ರಲ್ಲೇ ಒಂದಾದವು. ಇದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆಯಾ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ದರ) 30%, ವರ್ಷಕ್ಕೆ ಒಟ್ಟು 1.5 ಲಕ್ಷದವರೆಗೆ. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, 5 ಲಕ್ಷದ ‘ವಯ ವಂದನಾ’ ಕಾರ್ಡ್ ಆರಂಭಿಸಿತು. ಆಧಾರ್ ಒಂದೇ ಸಾಕು, ಹಳೆಯ ಕಾಯಿಲೆಗೂ ಮೊದಲ ದಿನದಿಂದಲೇ ಅನ್ವಯ. 5 ಲಕ್ಷ ಒಂದು ಮನೆಯ ಹಿರಿಯರೆಲ್ಲರಿಗೂ ಸೇರಿ. ಆಯುಷ್ಮಾನ್ ಆ್ಯಪ್‌ನಲ್ಲಿ ಮಾಡಿಕೊಳ್ಳಬಹುದು, ಮಾಹಿತಿಗೆ 14555.

ಕಾರ್ಡ್ ಪರ್ಸಿನಲ್ಲಿದೆ ಎಂದು ನಿಶ್ಚಿಂತರಾಗಿ ಕೂರಬೇಡಿ. ಆರೋಗ್ಯವಾಗಿರುವಾಗಲೇ ಹತ್ತಿರದ ಎರಡು ಆಸ್ಪತ್ರೆಗೆ ಹೋಗಿ ಈ ಯೋಜನೆಗೆಂದೇ ಇರುವ ಸಹಾಯಕರಾದ ‘ಆರೋಗ್ಯ ಮಿತ್ರ’ರ ಮೇಜಿನಲ್ಲಿ ಮೂರು ಪ್ರಶ್ನೆ ಕೇಳಿ. ನನ್ನ ಬಳಿ ಇರುವ ಈ ಕಾರ್ಡ್ ಇಲ್ಲಿ ನಡೆಯುತ್ತದೆಯೇ? ಹೃದಯ, ಕಿಡ್ನಿ, ಮಂಡಿ ಇವುಗಳಲ್ಲಿ ಯಾವುದಕ್ಕೆ ಈ ಆಸ್ಪತ್ರೆ ನೋಂದಣಿಯಾಗಿದೆ? ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆ? ಜೀವಾಪಾಯದ ತುರ್ತು ಚಿಕಿತ್ಸೆಗಳಿಗೆ ಶಿಫಾರಸು ಪತ್ರ ಬೇಡ, ಯೋಜಿತ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಬೇಕು. ಪತ್ರ ಇಲ್ಲದೆ ನೇರವಾಗಿ ದಾಖಲಾಗಿ, ಆಮೇಲೆ ಕಾರ್ಡ್ ತೋರಿಸಿದವರು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ದಾಖಲಾಗುವ ಹೊತ್ತಿಗೇ ಕಾರ್ಡ್ ತೋರಿಸಿ, ಪೂರ್ವಾನುಮತಿ ಬಂದಿದೆಯೇ ಎಂದು ಕೇಳಿ. ಪ್ಯಾಕೇಜ್ ಒಳಗಿನದಕ್ಕೆ ಬಿಪಿಎಲ್ ರೋಗಿಯಿಂದ ಹಣ ಕೇಳಿದರೆ ರಸೀದಿ ಕೇಳಿ. ರಸೀದಿ ಇದ್ದರೆ ದೂರಿಗೆ ಬಲ.

ಖಾಸಗಿ ವಿಮೆ ಇದ್ದರೆ, ರೂಮಿನ ಬಾಡಿಗೆ ನೋಡಿ

2024ರಿಂದ 65 ದಾಟಿದವರಿಗೂ ಹೊಸ ಪಾಲಿಸಿ ಕೊಳ್ಳಲು ಅವಕಾಶ ಬಂದಿದೆ. ಹಳೆಯ ಕಾಯಿಲೆಗೆ ಕಾಯುವ ಅವಧಿ 36 ತಿಂಗಳು ಮೀರುವಂತಿಲ್ಲ. 60 ತಿಂಗಳು ಸತತವಾಗಿ ಪ್ರೀಮಿಯಂ ಕಟ್ಟಿದ ಮೇಲೆ, ವಂಚನೆ ಸಾಬೀತಾದ ಹೊರತು, ‘ಮೊದಲೇ ಹೇಳಲಿಲ್ಲ’ ಎಂದು ಕ್ಲೇಮ್ ನಿರಾಕರಿಸುವಂತಿಲ್ಲ. 2025ರ ಜನವರಿಯ ಆದೇಶದಂತೆ ಹಿರಿಯರ ಪ್ರೀಮಿಯಂ ವರ್ಷಕ್ಕೆ 10%ಕ್ಕಿಂತ ಹೆಚ್ಚು ಏರಿಸಲು ಕಂಪನಿ ಮೊದಲು ವಿಮಾ ನಿಯಂತ್ರಕರ ಜೊತೆ ಸಮಾಲೋಚಿಸಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ.

ಇಷ್ಟಿದ್ದೂ ಡಿಸ್ಚಾರ್ಜ್ ದಿನ ಕಣ್ಣೀರು ಹಾಕಿಸುವುದು ರೂಮಿನ ಬಾಡಿಗೆಯ ಮಿತಿ. 5 ಲಕ್ಷದ ಪಾಲಿಸಿ, ದಿನದ ಬಾಡಿಗೆ ಮಿತಿ 1%, ಅಂದರೆ 5,000, ಜೊತೆಗೆ 20% ಸಹಪಾವತಿ (ರೋಗಿಯೇ ಕಟ್ಟಬೇಕಾದ ಪಾಲು) ಎಂದಿಟ್ಟುಕೊಳ್ಳಿ. ರೋಗಿ 8,000ದ ರೂಮಿನಲ್ಲಿ ಐದು ದಿನ ಇದ್ದರು. ಬಿಲ್ಲು: ರೂಮು 40,000, ವೈದ್ಯರು ಮತ್ತು ಆಪರೇಷನ್ ಥಿಯೇಟರ್ 1,20,000, ಔಷಧ, ಇಂಪ್ಲಾಂಟ್ ಮತ್ತು ಪರೀಕ್ಷೆಗಳು 90,000. ಒಟ್ಟು 2,50,000. ಕಂಪನಿ ರೂಮಿಗೆ 25,000 ಒಪ್ಪುತ್ತದೆ. ಅಷ್ಟೇ ಅಲ್ಲ, ಅದೇ ಎಂಟಕ್ಕೆ ಐದರ ಅನುಪಾತದಲ್ಲಿ 1,20,000ವನ್ನೂ 75,000ಕ್ಕೆ ಇಳಿಸುತ್ತದೆ. ಔಷಧದ 90,000 ಪೂರ್ತಿ. ಒಟ್ಟು 1,90,000, ಅದರಲ್ಲಿ 20% ಕಳೆದು 1,52,000. ರೋಗಿಯ ಜೇಬಿನಿಂದ 98,000. 5,000ದ ರೂಮಿನಲ್ಲೇ ಇದ್ದಿದ್ದರೆ, ಉಳಿದ ಖರ್ಚು ಅಷ್ಟೇ ಆಗಿದ್ದರೂ, 47,000ದಲ್ಲಿ ಮುಗಿಯುತ್ತಿತ್ತು.

ಔಷಧ, ಇಂಪ್ಲಾಂಟ್, ಪರೀಕ್ಷೆಗಳ ಮೇಲೆ ಈ ಅನುಪಾತದ ಕಡಿತ ಮಾಡುವಂತಿಲ್ಲ, ಐಸಿಯು ಬಾಡಿಗೆಯ ಮೇಲೂ ಇಲ್ಲ. ಮಾಡಿದ್ದರೆ ಲಿಖಿತವಾಗಿ ಪ್ರಶ್ನಿಸಿ. ಕಂಪನಿಯ ಉತ್ತರ ಸಮಾಧಾನ ತರದಿದ್ದರೆ ವಿಮಾ ನಿಯಂತ್ರಕರ ದೂರು ತಾಣವಾದ ಬಿಮಾ ಭರೋಸಾ ಪೋರ್ಟಲ್, ಆಮೇಲೆ ವಿಮಾ ಒಂಬುಡ್ಸ್‌ಮನ್. ಒಂದು ವರ್ಷದೊಳಗೆ ದೂರು ಕೊಡಬೇಕು, ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕರ್ನಾಟಕದವರ ದೂರು ಕೇಳುವ ಕಚೇರಿ ಬೆಂಗಳೂರಿನಲ್ಲಿದೆ.

ದಿನನಿತ್ಯದ ಮಾತ್ರೆಗಳಿಗೆ ವೈದ್ಯರಿಂದ ಬ್ರ್ಯಾಂಡ್ ಬದಲು ಮೂಲ ಹೆಸರು ಬರೆಸಿಕೊಳ್ಳಿ: ಮೆಟ್‌ಫಾರ್ಮಿನ್ 500, ಅಮ್ಲೋಡಿಪಿನ್ 5, ಟೆಲ್ಮಿಸಾರ್ಟನ್ 40 ಹೀಗೆ. ಜನೌಷಧಿ ಕೇಂದ್ರದಲ್ಲಿ ಬೆಲೆ ಅರ್ಧಕ್ಕಿಂತ ಕಡಿಮೆ. ಒಂದು ಎಚ್ಚರ: ಚೀಟಿಯಲ್ಲಿ ‘ಎಸ್ಆರ್’ ಎಂದಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಅದರ ಬದಲು ಸಾದಾ ಮಾತ್ರೆ ತರಬಾರದು, ಅದನ್ನು ಮುರಿದೂ ನುಂಗಬಾರದು.

ಇಡಿಗಂಟು ಮತ್ತು ಮನೆ

ಪಿ.ಎಫ್. ಗಂಟು ಕೈಗೆ ಬಂದ ವಾರವೇ ಹೆಚ್ಚು ಬಡ್ಡಿಯ ಆಸೆ ತೋರಿಸುವವರು ಮನೆ ಬಾಗಿಲಿಗೆ ಬರುತ್ತಾರೆ. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ತಲಾ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ, ಬೋರ್ಡಿನಲ್ಲಿ ಎಷ್ಟೇ ದೊಡ್ಡ ಅಕ್ಷರವಿರಲಿ. 60 ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ಹೆಚ್ಚು ಭದ್ರ. ಮಿತಿ 30 ಲಕ್ಷ, 2023ರ ಏಪ್ರಿಲ್‌ನಲ್ಲಿ ನಿಗದಿಯಾದ ದರ 8.2%. ಈ ದರದಲ್ಲಿ 10 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ. ಖಾತೆ ತೆರೆದ ದಿನದ ದರವೇ ಐದು ವರ್ಷವೂ ನಡೆಯುತ್ತದೆ. ವರ್ಷದೊಳಗೆ ಮುರಿದರೆ ಬಡ್ಡಿ ಸಿಗುವುದಿಲ್ಲ, ಹಾಗಾಗಿ ಆಸ್ಪತ್ರೆಗೆಂದು ಒಂದೆರಡು ಲಕ್ಷ ಹೊರಗಿಡಿ.

ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡುವವರು ‘ದಾನ ಪಡೆದವರು ದಾನಿಗಳಿಗೆ ಜೀವಮಾನವಿಡೀ ವಾಸ, ಊಟ, ಔಷಧೋಪಚಾರ ಒದಗಿಸತಕ್ಕದ್ದು, ತಪ್ಪಿದಲ್ಲಿ ಈ ದಾನ ರದ್ದಾಗತಕ್ಕದ್ದು’ ಎಂಬ ಸಾಲನ್ನು ಪತ್ರದೊಳಗೇ ಬರೆಸಬೇಕು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯ 23ನೇ ಸೆಕ್ಷನ್ ನಿಲ್ಲುವುದು ಈ ಷರತ್ತಿನ ಮೇಲೆ. ಷರತ್ತೇ ಇಲ್ಲದಿದ್ದರೆ ಈ ಸೆಕ್ಷನ್ ನೆರವಿಗೆ ಬಾರದು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2025ರ ಜನವರಿಯಲ್ಲಿ, ಹಿರಿಯರ ರಕ್ಷಣೆಯ ಉದ್ದೇಶಕ್ಕೆ ತಕ್ಕಂತೆ ಈ ಕಾಯ್ದೆಯನ್ನು ಉದಾರವಾಗಿ ಅರ್ಥೈಸಬೇಕು ಎಂದೂ ಹೇಳಿ ತಾಯಿಯ ದಾನಪತ್ರ ರದ್ದಾದದ್ದನ್ನು ಎತ್ತಿಹಿಡಿಯಿತು. ಅರ್ಜಿ ಕೊಡಬೇಕಾದ್ದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದರೂ ನಡೆಯುತ್ತದೆ. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.